ಕರಾರು ಬರೆಯುವವರು ಹಡಗಿನವರೋ, ದಡದವರೋ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಾರವಾರಕ್ಕೆ ಪ್ರವಾಸಿ ಹಡಗುಗಳನ್ನು ಕರೆತರಬೇಕು, ಅವು ಬಂದು ನಿಂತರೆ ಬೈತಖೋಲದಿಂದ ಗೋಕರ್ಣದವರೆಗೆ ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತದೆ ಎಂಬ ಓದುಗರ ಪತ್ರಗಳು ಈಚಿನ ವಾರಗಳಲ್ಲಿ ತಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಪ್ರಕಟವಾಗುತ್ತಿವೆ. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರೊಳಗೆ ದೇಶದ ಹಡಗು ಪ್ರವಾಸಿಗರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹಾಕಿಕೊಂಡ ಮೇಲೆ ಈ ಆಸೆಗೆ ಇನ್ನಷ್ಟು ಬಲ ಬಂದಿದೆ. ಉತ್ತರಕ್ಕೆ ಗೋವಾದ ಮುರಗಾಂವ್, ದಕ್ಷಿಣಕ್ಕೆ ಮಂಗಳೂರಿನ ಪಣಂಬೂರು, ಎರಡೂ ಬಂದರುಗಳಿಗೆ ಇಂಥ ಹಡಗುಗಳು ಬಂದುಹೋಗುತ್ತಿರುವಾಗ ನಡುವೆ ಇರುವ ನಾವು ಮಾತ್ರ ಏಕೆ ಕೈಕಟ್ಟಿ ನೋಡುತ್ತಿರಬೇಕು ಎಂದು ಕೇಳುವವರನ್ನು ತಪ್ಪೆನ್ನಲಾರೆ. ಆದರೆ ಹಡಗನ್ನು ಕರೆಯುವ ಉತ್ಸಾಹದಲ್ಲಿ, ಅದು ಯಾರ ಷರತ್ತಿನ ಮೇಲೆ ಬಂದು ನಿಲ್ಲಬೇಕು ಎಂಬ ಮಾತನ್ನು ಯಾರೂ ಎತ್ತುತ್ತಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಂದರು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದವನು. ಡಾಂಬರಿನ ಹಡಗು, ಕಾಕಂಬಿಯ ಹಡಗು ಬಂದಾಗ ತೂಕ, ಸುಂಕ, ತಂಗಿದ ದಿನಗಳ ಬಾಡಿಗೆ ಇವನ್ನೆಲ್ಲ ಪುಸ್ತಕಕ್ಕೆ ಏರಿಸಿದ್ದೇನೆಯೇ ಹೊರತು ಪ್ರಯಾಣಿಕನಾಗಿ ಹಡಗು ಹತ್ತಿದವನಲ್ಲ. ಆ ಯೋಗ ಬಂದದ್ದು 2023ರ ಅಕ್ಟೋಬರಿನಲ್ಲಿ. ಸಿಡ್ನಿಯಲ್ಲಿರುವ ಮಗಳು ಮತ್ತು ಅಳಿಯ ನಮ್ಮ ಮದುವೆಯ ನಲವತ್ತನೆಯ ವರ್ಷದ ನೆಪ ಹೇಳಿ, ನನ್ನನ್ನೂ ನನ್ನ ಹೆಂಡತಿಯನ್ನೂ ಪೆಸಿಫಿಕ್ ದ್ವೀಪಗಳ ಹದಿಮೂರು ರಾತ್ರಿಗಳ ಯಾತ್ರೆಗೆ ಹತ್ತಿಸಿದರು. ಹಡಗು ಸಿಡ್ನಿಯಿಂದ ಹೊರಟು, ಎರಡು ಹಗಲು ಬರಿಯ ನೀರಿನ ಮೇಲೆ ಸಾಗಿ, ಫ್ರಾನ್ಸಿನ ಅಧೀನದಲ್ಲಿರುವ ನ್ಯೂ ಕ್ಯಾಲಿಡೋನಿಯಾದ ನೂಮಿಯಾ ಪಟ್ಟಣ, ಅದರ ಪೂರ್ವಕ್ಕಿರುವ ಲಿಫೂ ದ್ವೀಪ, ಅಲ್ಲಿಂದ ಫಿಜಿಯ ಸುವಾ ಮತ್ತು ದ್ರಾವುನಿ, ಹಿಂದಿರುಗುವ ದಾರಿಯಲ್ಲಿ ವನುವಾಟು ದೇಶದ ‘ಮಿಸ್ಟರಿ ಐಲ್ಯಾಂಡ್’ ಇವಿಷ್ಟನ್ನು ಮುಟ್ಟಿತು. ಹೆಸರಿಗೆ ಅದು ಶಾಂತಸಾಗರ. ಮೊದಲ ಎರಡು ದಿನ ನನ್ನಾಕೆ ತಲೆ ಎತ್ತಲಿಲ್ಲ, ಆಷಾಢದ ಕಡಲನ್ನು ಮನೆಯ ಬಾಗಿಲಿನಿಂದಲೇ ನೋಡುತ್ತ ಬೆಳೆದವಳಾದರೂ.

ಹಡಗಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರಿದ್ದರು. ಲೆಕ್ಕ ಬರೆದ ಕೈಯಾದ್ದರಿಂದ ನನ್ನ ಗಮನ ಈಜುಕೊಳ, ನಾಟಕಶಾಲೆಗಳಿಗಿಂತ ಹೆಚ್ಚಾಗಿ ದುಡ್ಡು ಹರಿಯುವ ದಾರಿಯ ಕಡೆಗೇ ಹೋಯಿತು. ಹತ್ತಿದೊಡನೆ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು ಕೊಡುತ್ತಾರೆ. ಪಾನೀಯವಿರಲಿ, ಛಾಯಾಚಿತ್ರವಿರಲಿ, ದ್ವೀಪದಲ್ಲಿನ ಬಸ್ ಸುತ್ತಾಟವಿರಲಿ, ಎಲ್ಲವೂ ಆ ಕಾರ್ಡಿನ ಮೇಲೆ ಏರಿ ಕಂಪನಿಯ ಖಾತೆಗೆ ಸೇರುತ್ತದೆ. ಊಟ ಟಿಕೆಟ್ಟಿನಲ್ಲೇ ಅಡಕವಾಗಿರುವುದರಿಂದ ಜನರು ಬೆಳಿಗ್ಗೆ ಹೊಟ್ಟೆ ತುಂಬ ತಿಂದು ದಡಕ್ಕಿಳಿಯುತ್ತಾರೆ, ಮಧ್ಯಾಹ್ನ ಹಸಿವಾದಾಗ ಹಡಗಿಗೇ ಮರಳುತ್ತಾರೆ, ರಾತ್ರಿ ಮಲಗುವುದಂತೂ ಅಲ್ಲಿಯೇ. ಪ್ರವಾಸಿ ಹಡಗು ಬಂದರೆ ಕಾರವಾರದ ಖಾನಾವಳಿಗಳ ಮುಂದೆ ಇಶ್ವಾಣ ಮೀನಿನ ತುಂಡಿಗೂ ಸಿಗಡಿ ಸುಕ್ಕಕ್ಕೂ ಸಾಲು ಹಚ್ಚುತ್ತಾರೆ ಎಂದು ಒಬ್ಬ ಓದುಗರು ಬರೆದಿದ್ದರು. ನಾನು ಕಂಡಂತೆ, ನೂಮಿಯಾದ ಮಾರುಕಟ್ಟೆಯಲ್ಲಿ ನಮ್ಮ ಹಡಗಿನವರು ಮೀನಿನ ಅಂಗಡಿಗಳ ಚಿತ್ರ ತೆಗೆದುಕೊಂಡು, ಒಂದು ಲೋಟ ಕಾಫಿ ಕುಡಿದು, ಹನ್ನೆರಡೂವರೆಗೆ ಊಟಕ್ಕೆ ತಪ್ಪದಂತೆ ಹಿಂದಿರುಗಿದರು. ಹಡಗಿನ ಕೌಂಟರಿನಲ್ಲಿ ಹೇಳಿದ ದರದ ಅರ್ಧಕ್ಕೆ ಅದೇ ಊರು ತೋರಿಸಲು ದಕ್ಕೆಯ ಗೇಟಿನ ಹೊರಗೆ ಸ್ಥಳೀಯರ ಗಾಡಿಗಳು ಕಾಯುತ್ತಿದ್ದವು. ಅಳಿಯ ಅದನ್ನು ಮೊದಲೇ ವಿಚಾರಿಸಿಟ್ಟಿದ್ದರಿಂದ ನಮಗೆ ತಿಳಿಯಿತು, ಉಳಿದ ಹೆಚ್ಚಿನವರು ಕಂಪನಿಯ ಬಸ್ಸನ್ನೇ ಏರಿದರು. ಆ ಪಟ್ಟಣದ ಅಂಚಿನಲ್ಲೇ ನಿಕಲ್ ಕರಗಿಸುವ ದೊಡ್ಡ ಕಾರ್ಖಾನೆ ಇದೆ. ಅದರ ಚಿಮಣಿ ಒಂದು ಕಡೆ, 2008ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹವಳದ ಕೊಲ್ಲಿ ಇನ್ನೊಂದು ಕಡೆ. ಬೇಲೇಕೇರಿಯಲ್ಲಿ ಅದಿರಿನ ಕೆಂಪು ಧೂಳನ್ನು ಕಣ್ಣಾರೆ ಕಂಡ ನನಗೆ ಆ ನೋಟ ಹೊಸದೆನಿಸಲಿಲ್ಲ.

ಊಟದ ಸಾಲೆಯಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ನನ್ನ ಹೆಂಡತಿ ಕೊಂಕಣಿಯಲ್ಲಿ ಗೊಣಗಿದ್ದನ್ನು ಕೇಳಿಸಿಕೊಂಡು, ‘ಮಾವಶಿ, ತುಮಿ ಖಂಯ್ಚೀಂ?’ (ಚಿಕ್ಕಮ್ಮ, ನೀವು ಎಲ್ಲಿಯವರು?) ಎಂದು ಕೇಳಿದಾಗ ನಮಗಾದ ಸಂತೋಷವನ್ನು ಹೇಳತೀರದು. ಅವನು ನಮ್ಮ ಕಾರವಾರದ ಪಕ್ಕದ ಮಾಜಾಳಿಯ ಕಡೆಯವನು. ಒಂದು ಕರಾರಿಗೆ ಎಂಟು ಒಂಬತ್ತು ತಿಂಗಳು ಸತತವಾಗಿ ದುಡಿದು, ಆಮೇಲೆ ಎರಡು ತಿಂಗಳು ಊರಿಗೆ ಬರುತ್ತಾನೆ. ಈ ದ್ವೀಪಗಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಬಂದಿದ್ದರೂ ಲಿಫೂವಿನ ಮರಳಿನ ಮೇಲೆ ಕಾಲಿಟ್ಟದ್ದು ಎರಡೇ ಸಲವೆಂದು ಹೇಳಿದ. ಆ ದುಡಿಮೆಯಿಂದ ಮನೆ ಕಟ್ಟಿಸಿದ್ದಾನೆ, ತಂಗಿಯ ಮದುವೆ ಮಾಡಿದ್ದಾನೆ; ಆದ್ದರಿಂದ ಹಡಗಿನಿಂದ ನಮ್ಮವರಿಗೆ ಏನೂ ಸಿಗುವುದಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಸಿಗುವುದು ಹಡಗಿನೊಳಗೆ ದುಡಿದವನಿಗೆ. ಹಡಗು ನಿಂತ ಊರಿಗೆ ಏನು ಸಿಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಒಂದೊಂದು ದ್ವೀಪದಲ್ಲಿ ಒಂದೊಂದು ಉತ್ತರ ಕಂಡಿತು.

ಲಿಫೂವಿನಲ್ಲಿ ದೊಡ್ಡ ಹಡಗು ತಾಗುವ ದಕ್ಕೆಯಿಲ್ಲ. ಹಡಗು ಕೊಲ್ಲಿಯಲ್ಲಿ ನಿಲ್ಲುತ್ತದೆ, ಅದರ ಪ್ರಾಣರಕ್ಷಕ ದೋಣಿಗಳೇ ಸರದಿಯ ಮೇಲೆ ಜನರನ್ನು ದಡಕ್ಕೆ ಒಯ್ಯುತ್ತವೆ. ಅಲ್ಲಿನ ಕನಕ್ ಜನರಿಗೆ ಭೂಮಿ ಕುಲದ ಆಸ್ತಿ; ಒಬ್ಬರ ನೆಲಕ್ಕೆ ಕಾಲಿಡುವ ಹೊರಗಿನವನು ಸಣ್ಣದೊಂದು ಕಾಣಿಕೆ ಕೊಟ್ಟು, ತಾನು ಯಾರು, ಏಕೆ ಬಂದೆ ಎಂದು ಹೇಳಿಕೊಳ್ಳುವುದು ಅವರ ಹಳೆಯ ವಾಡಿಕೆ. ಹಡಗಿನಿಂದ ಇಳಿದ ಸಾವಿರಾರು ಜನ ಒಬ್ಬೊಬ್ಬರಾಗಿ ಕಾಣಿಕೆ ಕೊಡುವುದು ಆಗದ ಮಾತಾದರೂ, ಆ ವಾಡಿಕೆಯ ಒಳಗಿನ ಅರ್ಥವನ್ನು ಅವರು ಬಿಟ್ಟುಕೊಟ್ಟಿಲ್ಲ. ಹವಳದ ಬಂಡೆಗಳಿರುವ ಜಿನೆಕ್ ಕೊಲ್ಲಿಗೆ ಇಳಿಯಬೇಕಾದರೆ ಊರವರಿಗೆ ಶುಲ್ಕ ಕಟ್ಟಬೇಕು, ಅದೂ ಮಿತಿಯ ಸಂಖ್ಯೆಯಲ್ಲಿ ಮಾತ್ರ. ಗುಡ್ಡದ ತುದಿಯ ಸಣ್ಣ ಚರ್ಚಿಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಮುಂದೆ ವೆನಿಲಾ ಕೋಡುಗಳನ್ನು ಒಣಗಲು ಹಾಕಿದ್ದರು. ಶಿರಸಿಯಲ್ಲಿರುವ ನನ್ನ ಭಾವಮೈದುನ ಇಪ್ಪತ್ತು ವರ್ಷಗಳ ಹಿಂದೆ ಅಡಕೆ ಮರಗಳ ನಡುವೆ ವೆನಿಲಾ ಹಬ್ಬಿಸಿ, ದರ ಬಿದ್ದಾಗ ಕಿತ್ತುಹಾಕಿದವನು. ಅವನಿಗೆ ತೋರಿಸಲೆಂದು ಎರಡು ಕೋಡು ಕೊಂಡೆ. ಮಾರುತ್ತಿದ್ದ ಮುದುಕಿ ಬೆಲೆಯಲ್ಲಿ ಒಂದು ಪೈಸೆಯನ್ನೂ ಇಳಿಸಲಿಲ್ಲ.

ಸುವಾದಲ್ಲಿ ಮನಸ್ಸು ಭಾರವಾಯಿತು. ಗಿರ್ಮಿಟ್ ಎಂದರೆ ನಮ್ಮ ಕಡೆಯವರಿಗೆ ಹುಬ್ಬಳ್ಳಿಯ ಮಂಡಕ್ಕಿಯ ನೆನಪಾಗುತ್ತದೆ; ಫಿಜಿಯಲ್ಲಿ ಅದು ‘ಅಗ್ರಿಮೆಂಟ್’ ಎಂಬ ಪದ ನಮ್ಮ ಕೂಲಿಕಾರರ ಬಾಯಲ್ಲಿ ಸವೆದು ಉಳಿದ ರೂಪ. 1879ರಲ್ಲಿ ಲಿಯೊನಿಡಾಸ್ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ತಂಡವನ್ನು ಕರೆತಂದಿತು. ಅಲ್ಲಿಂದ 1916ರವರೆಗೆ ಸುಮಾರು 60,000 ಭಾರತೀಯರು ಐದು ವರ್ಷಗಳ ಆ ಕರಾರಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ತೋಟಗಳಿಗೆ ಹೋದರು. 1903ರಿಂದ ಮದರಾಸು ಬಂದರಿನಿಂದಲೂ ಹಡಗುಗಳು ಹೊರಟವು. ಕರಾರಿನಲ್ಲಿ ಏನು ಬರೆದಿದೆ ಎಂದು ಅವರಲ್ಲಿ ಎಷ್ಟು ಮಂದಿಗೆ ಓದಲು ಬರುತ್ತಿತ್ತು? ಮಾರುಕಟ್ಟೆಯ ಬಳಿ ಟ್ಯಾಕ್ಸಿ ಓಡಿಸುತ್ತಿದ್ದ ಆ ವಂಶದ ಒಬ್ಬರು ತಮ್ಮ ಹಿಂದಿಯಲ್ಲಿ, ನಾನು ನನ್ನ ಹರಕು ಹಿಂದಿಯಲ್ಲಿ, ಒಂದು ಗಂಟೆ ಮಾತಾಡಿದೆವು. ಅಜ್ಜನ ಊರು ಯಾವುದೆಂದು ಅವರಿಗೆ ತಿಳಿದಿಲ್ಲ, ಹಡಗಿನ ಹೆಸರು ಮಾತ್ರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಫಿಜಿಯ ಮೂಲನಿವಾಸಿಗಳ ಸ್ಥಿತಿ ಇದಕ್ಕೆ ಬೇರೆಯಾಗಿದೆ. ದೇಶದ ಶೇಕಡಾ 80ಕ್ಕೂ ಹೆಚ್ಚು ಭೂಮಿ ಅವರ ಕುಲಗಳ ಸಮುದಾಯದ ಒಡೆತನದಲ್ಲಿದೆ, ಅದನ್ನು ಗುತ್ತಿಗೆಗೆ ಕೊಡಬಹುದೇ ಹೊರತು ಮಾರುವಂತಿಲ್ಲ. ಮರುದಿನ ಮುಟ್ಟಿದ ದ್ರಾವುನಿ ಒಂದೇ ಹಳ್ಳಿಯ ದ್ವೀಪ. ಅಲ್ಲಿ ಚಾಪೆ ಹಾಸಿ ಎಳನೀರು ಮಾರಿದವರೂ ಗುಡ್ಡದ ದಾರಿ ತೋರಿಸಿದವರೂ ಊರವರೇ, ಹೊರಗಿನ ಒಬ್ಬ ವ್ಯಾಪಾರಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಈ ಪತ್ರ ಬರೆಯುವಂತೆ ಮಾಡಿದ್ದು ಮಿಸ್ಟರಿ ಐಲ್ಯಾಂಡ್. ಅದರ ನಿಜವಾದ ಹೆಸರು ಇನ್ಯೆಗ್. ವನುವಾಟುವಿನ ದಕ್ಷಿಣ ತುದಿಯ ಅನೈಟಿಯಂ ಎಂಬ ದೊಡ್ಡ ದ್ವೀಪದ ಎದುರಿಗಿರುವ, ಒಂದು ಗಂಟೆಯೊಳಗೆ ಸುತ್ತಿಬರಬಹುದಾದ ಮರಳು ದಿಬ್ಬವದು. ಹುಲ್ಲಿನ ಮೇಲೆ ವಿಮಾನ ಇಳಿಯುವ ಒಂದು ಪಟ್ಟಿ ಇದೆ, ವಾಸದ ಮನೆ ಒಂದೂ ಇಲ್ಲ. ರಾತ್ರಿ ಅಲ್ಲಿ ಪ್ರೇತಗಳು ಸಂಚರಿಸುತ್ತವೆ ಎಂಬ ನಂಬಿಕೆಯಿಂದ ಅನೈಟಿಯಂ ಜನ ಯಾರೂ ಆ ನೆಲದಲ್ಲಿ ಮಲಗುವುದಿಲ್ಲ. ಹಡಗು ಬರುವ ದಿನ ಬೆಳಗಾಗುತ್ತಲೇ ದೋಣಿಗಳಲ್ಲಿ ಸಾಮಾನು ತುಂಬಿಕೊಂಡು ಬಂದು, ಮರಗಳ ಕೆಳಗೆ ಅಂಗಡಿ ಹೂಡಿ, ಕೂದಲು ಹೆಣೆದು, ಸುಟ್ಟ ಸಮುದ್ರಏಡಿ ಮಾರಿ, ಗಾಜಿನ ತಳದ ದೋಣಿಯಲ್ಲಿ ಹವಳ ತೋರಿಸಿ, ಹಡಗು ಹೊರಟ ಮೇಲೆ ಎಲ್ಲವನ್ನೂ ಮಡಚಿಕೊಂಡು ಹೋಗುತ್ತಾರೆ. 1980ರ ಜುಲೈ 30ರಂದು ಬ್ರಿಟನ್ ಮತ್ತು ಫ್ರಾನ್ಸಿನ ಜಂಟಿ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಆ ದೇಶ, ನೆಲವೆಲ್ಲ ಮೂಲ ಒಡೆಯರಿಗೆ ಮತ್ತು ಅವರ ಸಂತತಿಗೆ ಸೇರಿದ್ದೆಂದು ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ. ಆದ್ದರಿಂದ ಆ ಮರಗಳ ಕೆಳಗೆ ಯಾರು ಕೂರಬೇಕು ಎಂಬುದನ್ನು ಕಂಪನಿ ಹೇಳುವಂತಿಲ್ಲ.

ಎಲ್ಲವೂ ಅಲ್ಲಿ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ದಾರಿಯಲ್ಲೊಂದು ದೊಡ್ಡ ಹಂಡೆ ಇಟ್ಟಿದ್ದರು. ಪ್ರವಾಸಿಗರು ಅದರೊಳಗೆ ಕುಳಿತರೆ, ಮೈಗೆ ಬಣ್ಣ ಬಳಿದುಕೊಂಡ ಹುಡುಗರು ನರಭಕ್ಷಕರ ವೇಷದಲ್ಲಿ ಈಟಿ ಹಿಡಿದು ಸುತ್ತ ನಿಲ್ಲುತ್ತಾರೆ. ಚಿತ್ರಕ್ಕೆ ಇಷ್ಟು ಡಾಲರು. ಜನ ನಗುತ್ತಿದ್ದರು, ಆ ಹುಡುಗರೂ ನಗುತ್ತಿದ್ದರು, ನನಗೆ ನಗು ಬರಲಿಲ್ಲ. ನಮ್ಮ ಹಾಲಕ್ಕಿ ಹೆಣ್ಣುಮಕ್ಕಳನ್ನು ಮಣಿಸರ ತೊಡಿಸಿ ಸರ್ಕಾರಿ ವೇದಿಕೆಯ ಬದಿಯಲ್ಲಿ ಸಾಲಾಗಿ ನಿಲ್ಲಿಸುವಾಗ ನಾವು ಮಾಡುವುದು ಇದನ್ನೇ ಅಲ್ಲವೇ ಎಂದು ಹೊಳೆದು, ಆ ಹಂಡೆಯನ್ನು ದಾಟಿ ಮುಂದೆ ಹೋದೆ.

ಚಾಪೆ ಹೆಣೆಯುತ್ತಿದ್ದ ಒಬ್ಬ ವಯಸ್ಸಾದ ಹೆಂಗಸನ್ನು ಮಗಳ ಮೂಲಕ ಮಾತಾಡಿಸಿದೆ. ಕೋವಿಡ್ ಕಾರಣದಿಂದ ವನುವಾಟು 2020ರ ಮಾರ್ಚಿನಲ್ಲಿ ಮುಚ್ಚಿದ ಗಡಿಯನ್ನು 2022ರ ಜುಲೈ 1ರಂದು ತೆರೆಯಿತು. ಆ ಎರಡು ವರ್ಷಕ್ಕೂ ಹೆಚ್ಚಿನ ಕಾಲ ಈ ಮರಳಿಗೆ ಒಂದು ಹಡಗೂ ಬರಲಿಲ್ಲ. ಆಗ ಹೇಗೆ ಬದುಕಿದಿರಿ ಎಂದು ಕೇಳಿದ್ದಕ್ಕೆ ಆಕೆ ಎದುರಿನ ದೊಡ್ಡ ದ್ವೀಪದ ಹಸಿರನ್ನು ತೋರಿಸಿ, ಕೆಸುವಿನ ಗಡ್ಡೆಯೂ ಮರಗೆಣಸೂ ಅಲ್ಲೇ ಇದ್ದವು, ಮೀನೂ ಇತ್ತು, ಮಕ್ಕಳ ಶಾಲೆಯ ಶುಲ್ಕಕ್ಕೆ ಮಾತ್ರ ಕಷ್ಟವಾಯಿತು ಎಂದಳು. ಕಡಲು ಎದ್ದಿದ್ದರೆ ಹಡಗು ದೋಣಿಗಳನ್ನು ಇಳಿಸದೆ ಮುಂದೆ ಹೋಗಿಬಿಡುತ್ತದಂತೆ. ಅಂಥ ದಿನ ಇವರು ಸುಟ್ಟ ಏಡಿಯನ್ನು ತಾವೇ ತಿಂದು ಮನೆಗೆ ಹೋಗುತ್ತಾರೆ. ತೋಟವನ್ನೂ ಬಲೆಯನ್ನೂ ಬಿಟ್ಟು ಹಡಗನ್ನೇ ನಂಬಿದ ಊರಿಗೆ ಆ ದಿನ ತಿನ್ನಲು ಏನಿರುತ್ತಿತ್ತು ಎಂದು ಹಿಂದಿರುಗುವ ಮೂರು ದಿನವೂ ಯೋಚಿಸಿದೆ.

ಇನ್ನು ನಮ್ಮ ಕಾರವಾರದ ಮಾತು. ಇಂಥ ಹಡಗುಗಳು ನಮ್ಮ ಕರಾವಳಿಗೆ ಬರುವುದು ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಮೀನುಗಾರರ ದುಡಿಮೆಯ ತಿಂಗಳುಗಳೂ ಅವೇ. ಹಡಗು ಹೊರಗೆ ಲಂಗರು ಹಾಕಿ ನಿಂತಾಗ ಅದರ ಸುತ್ತ ಬಲೆ ಬೀಸಬಾರದು ಎಂಬ ಸುತ್ತೋಲೆ ಬಂದರೆ, ಸೀಬರ್ಡ್ ನೌಕಾನೆಲೆಗಾಗಿ ಈಗಾಗಲೇ ಎಷ್ಟೋ ಕಡಲನ್ನು ಬಿಟ್ಟುಕೊಟ್ಟವರು ಇನ್ನೆಷ್ಟು ಬಿಡಬೇಕು? ಬಂದರು ವಿಸ್ತರಣೆಯಿಂದ ಟ್ಯಾಗೋರ್ ಕಡಲತೀರವೂ ಏಂಡಿ ಬಲೆ ಎಳೆಯುವ ಜಾಗವೂ ಹೋಗುತ್ತವೆಂದು 2020ರ ಜನವರಿಯಲ್ಲಿ ಅವರು ಬೀದಿಗಿಳಿದದ್ದು ಯಾರಿಗೂ ಮರೆತಿಲ್ಲ. ಹಡಗು ನಿಲ್ಲುವ ಜಾಗವನ್ನೂ ದಿನಗಳನ್ನೂ ಮೀನುಗಾರರ ಸಂಘಗಳ ಒಪ್ಪಿಗೆಯಿಂದ ಗೊತ್ತುಪಡಿಸಬೇಕು, ದೋಣಿ ಕಟ್ಟಿಹಾಕಬೇಕಾಗಿ ಬಂದ ದಿನಕ್ಕೆ ಇಷ್ಟು ಎಂದು ಹಡಗಿನ ತಂಗುವ ಶುಲ್ಕದಿಂದಲೇ ಅವರಿಗೆ ಸಂದಾಯವಾಗಬೇಕು.

ಜನರನ್ನು ದಡಕ್ಕೆ ತರುವ ದೋಣಿಗಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಆ ಕೆಲಸ ಸ್ಥಳೀಯ ದೋಣಿಗಳಿಗೇ ಸಿಗಬೇಕೆಂಬುದು ನನ್ನ ಆಸೆ. ಆದರೆ 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜೀವಗಳು ಹೋದ ಊರು ಇದು. ಲಿಫೂವಿನಲ್ಲಿ ಪ್ರತಿ ದೋಣಿಗೆ ಹತ್ತುವವರನ್ನು ಎಣಿಸುತ್ತಿದ್ದರು, ಇಳಿಯುವಾಗ ಮತ್ತೆ ಎಣಿಸುತ್ತಿದ್ದರು, ಅಲೆ ಹೆಚ್ಚಾದಾಗ ಅರ್ಧ ಗಂಟೆ ಎಲ್ಲವನ್ನೂ ನಿಲ್ಲಿಸಿದರು, ಯಾರೂ ತಕರಾರು ಮಾಡಲಿಲ್ಲ. ಕೋಡಿಬಾಗದ ಜೆಟ್ಟಿಯಲ್ಲಿ ಆ ಎಣಿಕೆ ವಿದೇಶಿ ಪ್ರವಾಸಿಗರಿಗೆ ಮಾತ್ರ ಜಾರಿಯಾಗಿ, ಜಾತ್ರೆಗೆ ಹೋಗುವ ನಮ್ಮವರು ಮತ್ತೆ ಹಳೆಯ ರೀತಿಯಲ್ಲೇ ದೋಣಿ ತುಂಬುವಂತಾದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಸಂಖ್ಯೆಗೂ ಮೊದಲೇ ಮಿತಿ ಹಾಕಬೇಕು. ತಾಹಿತಿಯ ಕಡೆಯ ಬೋರಾಬೋರಾ ದ್ವೀಪದಲ್ಲಿ ದಿನವೊಂದಕ್ಕೆ 1,200 ಹಡಗು ಪ್ರವಾಸಿಗರಿಗಿಂತ ಹೆಚ್ಚು ಬರುವಂತಿಲ್ಲವೆಂದು 2022ರಿಂದ ನಿಯಮವಿದೆ. ಪಲಾವು ದೇಶಕ್ಕೆ ಬರುವವರು, ಇಲ್ಲಿನ ಪ್ರಕೃತಿಗೆ ಹಾನಿ ಮಾಡುವುದಿಲ್ಲವೆಂದು ಪಾಸ್‌ಪೋರ್ಟಿನಲ್ಲೇ ಮುದ್ರೆಯೊತ್ತಿದ ಪ್ರತಿಜ್ಞೆಗೆ 2017ರ ಡಿಸೆಂಬರಿನಿಂದ ಸಹಿ ಹಾಕಬೇಕು. ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್‌ಗಳನ್ನು ಆ ದೇಶ 2020ರ ಜನವರಿ 1ರಿಂದ ನಿಷೇಧಿಸಿದೆ. ನಮ್ಮ ನೇತ್ರಾಣಿ ದ್ವೀಪದ ಹವಳಕ್ಕೆ ಇಂಥದೊಂದು ಸಾಲಾದರೂ ಬೇಡವೇ? ಕೊಳಚೆಯ ವಿಷಯವನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು, ಏಕೆಂದರೆ ಹಡಗುಗಳ ಮಾಲಿನ್ಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದವು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ, ಸಾಗುತ್ತಿರುವ ಹಡಗಿನಿಂದ ಸಂಸ್ಕರಿಸದ ಶೌಚದ ನೀರನ್ನೂ ನಿಧಾನವಾಗಿ ಬಿಡಲು ಅವಕಾಶ ಕೊಡುತ್ತದೆ. ಆ ಗೆರೆಯ ಆಚೆಗೂ ನಮ್ಮ ಬೋಟುಗಳು ಬಲೆ ಬೀಸುತ್ತವೆ. ಹಡಗಿನವರು ನಿಯಮ ಮೀರಿಲ್ಲ ಎಂಬ ಉತ್ತರ ಆಗ ಕೈಗೆ ಸಿಗುತ್ತದೆ, ಅದು ನಿಜವೂ ಆಗಿರುತ್ತದೆ.

ಹಡಗನ್ನು ತಡೆದು ನಿಲ್ಲಿಸುವ ಅಧಿಕಾರವೂ ದಡದವರ ಕೈಯಲ್ಲಿರಬೇಕು ಎನ್ನುವುದಕ್ಕೆ ಪೆಸಿಫಿಕ್ ದ್ವೀಪಗಳ ಇತಿಹಾಸವೇ ಆಧಾರ. 1875ರಲ್ಲಿ ಹಡಗಿನೊಡನೆ ಬಂದ ದಡಾರದಿಂದ ಫಿಜಿಯಲ್ಲಿ ಸುಮಾರು 40,000 ಜನ ಸತ್ತರು. ನಾಲ್ಕು ವರ್ಷಗಳ ಬಳಿಕ ಬಂದ ಲಿಯೊನಿಡಾಸನ್ನು ಪ್ರತ್ಯೇಕ ದ್ವೀಪವೊಂದರಲ್ಲಿ ತಡೆದಿಟ್ಟದ್ದು ಆ ಪಾಠದಿಂದ. 1918ರ ನವೆಂಬರ್ 7ರಂದು ಟಾಲೂನ್ ಎಂಬ ಹಡಗನ್ನು ಪಶ್ಚಿಮ ಸಮೋವಾದ ಏಪಿಯಾ ಬಂದರಿನಲ್ಲಿ ತಡೆದಿಡದೆ ಬಿಟ್ಟುಕೊಂಡದ್ದರಿಂದ ಅಲ್ಲಿನ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕೂ ಹೆಚ್ಚು ಜನ ಇನ್‌ಫ್ಲುಯೆಂಜಾಕ್ಕೆ ಬಲಿಯಾದರು, ಹಡಗುಗಳನ್ನು ಬಿಗಿಯಾಗಿ ತಡೆದ ಪಕ್ಕದ ಅಮೆರಿಕನ್ ಸಮೋವಾದಲ್ಲಿ ಆ ಜ್ವರದಿಂದ ಒಬ್ಬರೂ ಸಾಯಲಿಲ್ಲ. ಬೇಡ ಎನ್ನುವ ಆ ಅಧಿಕಾರ ಕಾರವಾರದಲ್ಲಿ ಯಾರಿಗಿರುತ್ತದೆ, ಬೆಂಗಳೂರಿನ ಫೋನಿಗೆ ಕಾಯದೆ ಅವರು ಅದನ್ನು ಚಲಾಯಿಸಬಲ್ಲರೇ ಎಂಬುದು ಕಾಗದದ ಮೇಲೆ ಬರಬೇಕು.

ಮಾರಾಟದ ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಕ್ಕೆಯ ಒಳಗೆ ಅಂಗಡಿ ಹಾಕುವ ಹಕ್ಕು ಟೆಂಡರಿನಲ್ಲಿ ಹೊರಗಿನವರ ಪಾಲಾಗದೆ, ಅಂಕೋಲೆಯ ಕರಿ ಇಶಾಡು ಮಾವಿನ ರಸ ಮಾಡುವವರಿಗೂ ಒಣಮೀನು ಮಾರುವ ನಮ್ಮ ಹೆಂಗಸರಿಗೂ ಸಿಗಲಿ. ಹಡಗಿನವರು ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ.

ಜಿಲ್ಲಾಡಳಿತ ಮತ್ತು ಕರ್ನಾಟಕ ಜಲಸಾರಿಗೆ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟು: ಯಾವುದೇ ಹಡಗು ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ಕರಡನ್ನು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಬರೆಯಿಸಿ, ಬೈತಖೋಲ ಮತ್ತು ಮಾಜಾಳಿಯ ಮೀನುಗಾರರ ಸಂಘಗಳ ಹಲಗೆಯ ಮೇಲೆ ಒಂದು ತಿಂಗಳು ಹಚ್ಚಿಡಲಿ. ಓದಲು ಬಾರದವರಿಗೆ ಓದಿ ಹೇಳಲು ಜನ ಬೇಕಾದರೆ ನಾನಿದ್ದೇನೆ. ಸರ್ಕಾರಿ ಕಡತದ ಭಾಷೆ ನನಗೆ ಅರ್ಥವಾಗುತ್ತದೆ, ಸಂಜೆ ಐದರ ಮೇಲೆ ಬಿಡುವೂ ಇರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಬಂದರು ಗುಮಾಸ್ತ,
ಕೋಡಿಬಾಗ, ಕಾರವಾರ